ರಾಮದುರ್ಗದ ದಾರಿಯಲ್ಲಿ ಹೇಳದೆ ಉಳಿದ ಮಾತು

ಪ್ರತಿ ಬೇಸಿಗೆ ಸಂಡಿಗೆ ಹಾಕುವ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ ಆಗಲೇಬೇಕು. ಮಾಳಿಗೆಯ ಮೇಲೆ ಹಾಸಲು ನನ್ನಾಕೆ ಅಟ್ಟದ ಮೇಲಿನ ಹಳೆಯ ತಾಡಪತ್ರಿ ಕೇಳುತ್ತಾಳೆ. ನಾನು ಹಳೆಯ ಧೋತರ ಹರಿದು ಕೊಡುತ್ತೇನೆ, ನನ್ನ ಹಾಸಿಗೆಯ ಚಾದರವನ್ನೇ ಕೊಡುತ್ತೇನೆ, ತಾಡಪತ್ರಿ ಮಾತ್ರ ಕೊಡುವುದಿಲ್ಲ. "ಅದಕ್ಕೇನು ಜರತಾರಿ ಅಂಚು ಹಚ್ಯಾರೇನು?" ಎಂದು ಆಕೆ ಕೇಳುವುದು ವಾಡಿಕೆ. ಅಂಚಂತೂ ಇಲ್ಲ. ಒಂದು ಮೂಲೆಗೆ ಒಲೆಯ ಕೆಂಡ ಸಿಡಿದು ಆದ ಅಂಗೈಯಗಲದ ತೂತು ಇದೆ. ಆ ಕೆಂಡ ಹಾರಿಸಿದವನು ನಾನೇ. ಚಕ್ಕಡಿಯಲ್ಲಿ ತುಂಬಿದ ಕಾಳಿನ ಮೇಲೆ ಮುಚ್ಚುವ ಆ ದಪ್ಪ ಬಟ್ಟೆ ನಮ್ಮ ಮನೆತನದ್ದೂ ಅಲ್ಲ. ಪುರಾಣ ಹೇಳುವವರ ಮನೆಗೆ ಚಕ್ಕಡಿ ಎಲ್ಲಿಂದ ಬರಬೇಕು? ಅದು ದೊಡವಾಡದ ಗೌಡರ ಮನೆಯದು. ಐವತ್ತರ ದಶಕದ ನಡುವಿನ ಒಂದು ಚೈತ್ರದಲ್ಲಿ ನಾಲ್ಕು ದಿನ ಅದು ನಮಗೆ ಮನೆಯಾಗಿತ್ತು.

ನಮಗೆ ಅಂದರೆ ನನಗೆ ಮತ್ತು ಶಿವಲಿಂಗನಿಗೆ. ಅವನು ದೊಡವಾಡದ ಗೌಡರ ಒಬ್ಬನೇ ಮಗ, ನಾನು ಕಿತ್ತೂರಿನ ಪುರಾಣಿಕರ ನಾಲ್ಕನೆಯವನು. ಬೈಲಹೊಂಗಲದ ಹೈಸ್ಕೂಲಿಗೆ ಬಂದಾಗ ಇಬ್ಬರಿಗೂ ಒಂದೇ ಖೋಲಿ ಸಿಕ್ಕಿತು. ನನ್ನವ್ವ ಬಂದು ಖೋಲಿಯ ನಡುವೆ ಸುಣ್ಣದ ಗೆರೆ ಎಳೆದು, ಈ ಕಡೆ ನನ್ನ ಒಲೆ, ಆ ಕಡೆ ಅವನ ಒಲೆ ಎಂದು ಹೇಳಿ ಹೋದಳು. ಎಂಟು ದಿನ ನಾನು ನನ್ನ ಒಲೆಯ ಮೇಲೆ ಹಸಿ ಅನ್ನ ಮಾಡಿಕೊಂಡು ಉಂಡೆ. ಒಂಬತ್ತನೆಯ ದಿನ ಅವನ ಕಡೆಯಿಂದ ಬದನೆಕಾಯಿ ಎಣಗಾಯಿಯ ವಾಸನೆ ಬಂತು. ಗೆರೆಯನ್ನು ಯಾರು ಅಳಿಸಿದರೆಂದು ನಾನು ಇವತ್ತಿಗೂ ಖಚಿತವಾಗಿ ಹೇಳಲಾರೆ. ಕಾಲಿಗೆ ಸುಣ್ಣ ಹತ್ತಿದ್ದು ನನಗೆ ಮಾತ್ರ.

ಶಿವಲಿಂಗ ಮೂರು ವರ್ಷದವನಿದ್ದಾಗ ಅವನ ತಾಯಿ ತೀರಿಕೊಂಡಿದ್ದಳು. ಆಗ ಹತ್ತು ವರ್ಷದ ಅಕ್ಕ ಅವನನ್ನು ಬಗಲಲ್ಲಿ ಎತ್ತಿಕೊಂಡೇ ರೊಟ್ಟಿ ಬಡಿಯಲು ಕಲಿತಳಂತೆ. ಮನೆ ನಡೆಸಲು ಬೇರೆ ಹೆಣ್ಣು ಜೀವ ಇಲ್ಲವೆಂದು ಆಕೆಯ ಮದುವೆಯೂ ತಡವಾಯಿತು. ಕೊನೆಗೆ ರಾಮದುರ್ಗಕ್ಕೆ ಕೊಟ್ಟರು. ವರ್ಷ ತುಂಬುವುದರೊಳಗೆ ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರಲು ಗೌಡರು ಸ್ವತಃ ಚಕ್ಕಡಿ ಹೂಡಿಕೊಂಡು ಹೋದರು. ಅಲ್ಲಿಯವರು, ತಾಯಿಯಿಲ್ಲದ ತವರಿಗೆ ಬಸುರಿಯನ್ನು ಹೇಗೆ ಕಳಿಸುವುದು, ಇಲ್ಲೇ ಆಗಲಿ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆದರೆ ಗೌಡರು ಬರಿ ಚಕ್ಕಡಿ ತಿರುಗಿಸಿಕೊಂಡು ಊರೊಳಗೆ ಬರುವಾಗ ಹಾದಿಯ ಎರಡೂ ಕಡೆ ಜನ ಇದ್ದರು. ಅವತ್ತೇ ಅವರು ಆಣೆ ಮಾಡಿದರು: ಆ ಹೊಸ್ತಿಲು ಇನ್ನು ನಾನು ತುಳಿಯುವುದಿಲ್ಲ, ಈ ಮನೆಯಲ್ಲಿ ಯಾರೂ ರಾಮದುರ್ಗದ ಹೆಸರು ಎತ್ತಬಾರದು. ಹೀಗೆ ಮೂರು ವರ್ಷ ಶಿವಲಿಂಗ ಅಕ್ಕನ ಮುಖ ನೋಡಿರಲಿಲ್ಲ. ಹೆಣ್ಣು ಕೂಸು ಹುಟ್ಟಿದೆ ಎಂಬುದು ಕೂಡ ಯಾರೋ ದನದ ಸಂತೆಗೆ ಬಂದವರು ಹೇಳಿ ಗೊತ್ತಾದದ್ದು.

ಮ್ಯಾಟ್ರಿಕ್ ಪರೀಕ್ಷೆ ಮುಗಿದ ಕೂಡಲೇ ಸೈಕಲ್ ಮೇಲೆ ದೇಶ ನೋಡಲು ಹೋಗೋಣ ಎಂದು ಅವನು ವರ್ಷದಿಂದ ಹೇಳುತ್ತಿದ್ದ. ಹೊತ್ತು ಮುಳುಗಿದಲ್ಲಿ ಬೀಡು, ಮೂರು ಕಲ್ಲು ಸಿಕ್ಕಲ್ಲಿ ಅಡಿಗೆ. ಮುರಗೋಡ, ಸವದತ್ತಿ, ಹೂಲಿ ಎಂದು ಊರುಗಳನ್ನು ಬೆರಳಿನ ಮೇಲೆ ಎಣಿಸಿ ರಾಮದುರ್ಗದ ಹತ್ತಿರ ಬಂದಾಗ ಬೆರಳು ಮಡಚದೆ ಹಾಗೇ ಹಿಡಿದುಕೊಳ್ಳುತ್ತಿದ್ದ. ತಂದೆಗೆ ಸವದತ್ತಿಯ ಗುಡ್ಡಕ್ಕೆ ಹೋಗುತ್ತೇನೆಂದು ಹೇಳಿದ. ಗೌಡರು ಏನೂ ಕೇಳಲಿಲ್ಲ. ಚಕ್ಕಡಿಯ ತಾಡಪತ್ರಿ ಬಿಚ್ಚಿ, ಇಬ್ಬನಿ ಬೀಳುತ್ತದೆ ಒಯ್ಯಿರಿ ಎಂದು ಕೊಟ್ಟರಂತೆ.

ಹೊರಡುವ ಹಿಂದಿನ ದಿನ ಶಿವಲಿಂಗ ಸಿಂಪಿಗರ ಅಂಗಡಿಗೆ ಹೋಗಿದ್ದ. ತಾನು ಕಂಡಿರದ ಸೊಸೆಗಾಗಿ, ಅಕ್ಕನ ಆ ಕೂಸಿಗಾಗಿ ಅಂಗಿ ಹೊಲಿಸಿದ್ದ. ಅಳತೆ ಎಷ್ಟು ಎಂದು ಕೇಳಿದ ಸಿಂಪಿಗನಿಗೆ ತನ್ನ ತೊಡೆಯ ಹತ್ತಿರ ಕೈ ಹಿಡಿದು, ಇಷ್ಟಿರಬೇಕು ಅಂದಿದ್ದನಂತೆ. ಅವನು ಅತ್ತ ಹೋದಾಗಲೇ ಗೌಡರು ಖೋಲಿಗೆ ಬಂದರು. ಒಳಗೆ ಬರಲಿಲ್ಲ. ನನ್ನನ್ನು ಹೊರಗೆ ಕರೆದು ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಆರಡಿ ಎತ್ತರದ ಆಳು, ರುಮಾಲಿನ ತುದಿ ಹಿಡಿದುಕೊಂಡು ನಿಂತರು. ಗಿಡ ಹೂ ಬಿಟ್ಟಿತ್ತು. ಅವರ ಭುಜದ ಮೇಲೆ ಬಿಳಿ ಹೂವು ಉದುರುತ್ತಿದ್ದವು.

"ತಮ್ಮಾ, ನನ್ನ ಮಗಳು ಹೋಗಿ ಎರಡು ತಿಂಗಳಾತು," ಅಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಎಲ್ಲಿಗೆ ಎಂದು ಕೇಳುವಷ್ಟು ಮಬ್ಬ ನಾನು. ಬಾಯಿಗೆ ಬಂದದ್ದನ್ನು ಅವರ ಮುಖ ನೋಡಿ ನುಂಗಿದೆ. ವಿಷಮಜ್ವರ ಬಂದು ಎಂಟೇ ದಿನದಲ್ಲಿ ಮುಗಿದಿತ್ತು. ಸಾವಿನ ಸುದ್ದಿಯ ಮೂಲೆ ಹರಿದ ಕಾಗದ ಬಂದಾಗ ಮಣ್ಣೂ ಆಗಿಹೋಗಿತ್ತು. ಮಗನ ಪರೀಕ್ಷೆ ಕೆಡಬಾರದೆಂದು ಅವರು ಅವನಿಗೆ ಹೇಳಿರಲಿಲ್ಲ.

"ಈಗ ಹೇಳಬೇಕು ಅಂತೇನಿ, ನನ್ನ ಬಾಯಿಲೆ ಬರವಲ್ದು. ಅಂವ ರಾಮದುರ್ಗಕ್ಕ ಹೊಂಟಾನ ಅಂತ ನನಗ ಗೊತ್ತೈತಿ. ನೀ ಓದಿದಾಂವ ಅದಿ, ನಿಮ್ಮಪ್ಪ ಪುರಾಣ ಹೇಳಾಂವ. ದಾರ್ಯಾಗ ಹೆಂಗರ ಮಾಡಿ ಹೇಳು."

ಹೇಳುತ್ತೇನೆ ಎಂದು ತಲೆಯಾಡಿಸಿದೆ. ನಮ್ಮಪ್ಪ ಪುರಾಣ ಹೇಳುತ್ತಿದ್ದದ್ದು ನಿಜ. ಆದರೆ ಯಾರಾದರೂ ಸಾಯುವ ಅಧ್ಯಾಯ ಬಂದರೆ ಅವನೂ ಒಂದು ಲೋಟ ನೀರು ತರಿಸಿ ಕುಡಿಯುತ್ತಿದ್ದ ಎಂಬುದು ಗೌಡರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಗಿನ ತಂಪಿನಲ್ಲಿ ಹೊರಟೆವು. ನನ್ನ ಸೈಕಲ್ಲು ಕಾಕಾನದು, ನನಗಿಂತ ನಾಲ್ಕು ಬೆರಳು ಎತ್ತರ. ಹತ್ತಬೇಕಾದರೆ ಮೈಲುಗಲ್ಲು ಬೇಕು, ಇಳಿಯಬೇಕಾದರೆ ಬೀಳಬೇಕು. ಹಿಂದೆ ಜೋಳದ ಹಿಟ್ಟು, ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಬೋಗುಣಿ. ಸಂಧ್ಯಾವಂದನೆ ತಪ್ಪಬಾರದೆಂದು ಅವ್ವ ಮೊದಲೇ ಕಳಿಸಿದ್ದ ಪಂಚಪಾತ್ರೆ ಹ್ಯಾಂಡಲ್ಲಿಗೆ ನೇತುಬಿದ್ದು ದಾರಿಯುದ್ದಕ್ಕೂ ಗಂಟೆಯ ಕೆಲಸ ಮಾಡಿತು. ಕಾಕಾನ ಸೈಕಲ್ಲಿಗೆ ಬೇರೆ ಗಂಟೆ ಇರಲಿಲ್ಲ.

ಚೈತ್ರದಲ್ಲಿ ನಮ್ಮ ಸೀಮೆಯ ಎರಿ ಹೊಲ ನೋಡಲು ಚೆಂದ ಎಂದು ಹೇಳಿದರೆ ಪರಊರಿನವರು ನಗುತ್ತಾರೆ. ಜೋಳ ಕೊಯ್ದಾಗಿರುತ್ತದೆ, ಕುಸುಬಿ ಬಡಿದಾಗಿರುತ್ತದೆ, ಕರಿ ಮಣ್ಣು ಬಾಯಿ ಬಿಟ್ಟಿರುತ್ತದೆ. ಆದರೆ ಹೊಂಗೆ ಎಳೆ ಹಸುರಾಗಿರುತ್ತದೆ, ಹಳ್ಳದ ದಂಡೆಗೆ ಎಲೆಯೇ ಇಲ್ಲದ ಮುತ್ತಲ ಮೈತುಂಬ ಕೆಂಪು ಹೂವಾಗಿರುತ್ತದೆ, ಎಲ್ಲಿಯೋ ಒಂದು ಮಾವಿನ ಗಿಡದಿಂದ ಕೋಗಿಲೆ ಕೂಗುತ್ತದೆ. ಶಿವಲಿಂಗ ಇವನ್ನೆಲ್ಲ ನೋಡಿ ನೋಡಿ ನನಗೆ ತೋರಿಸುತ್ತಿದ್ದ. ನೋಡುವುದು ಬಿಟ್ಟರೆ ಅಕ್ಕನ ಮಾತು.

ಅವನಿಗೆ ಸೈಕಲ್ ಕಲಿಸಿದ್ದು ಅಕ್ಕನೇ. ಆಕೆ ಸೈಕಲ್ ಹತ್ತಿದವಳೇ ಅಲ್ಲ. ಸೀರೆ ಎತ್ತಿ ಕಟ್ಟಿ ಹಿಂದಿನಿಂದ ಸೀಟು ಹಿಡಿದುಕೊಂಡು ಕಣದ ಸುತ್ತ ಓಡುತ್ತಿದ್ದಳಂತೆ. ಹಿಡಿದೀಯೇನು ಎಂದು ಇವನು ಕೇಳಿದರೆ, ಹಿಡಿದೇನಿ, ಹಿಡಿದೇನಿ ಎಂದು ದೂರದಿಂದ ಕೂಗುತ್ತಿದ್ದಳಂತೆ. ದೂರದಿಂದ ಕೂಗುತ್ತಾಳೆ ಎಂದರೆ ಕೈ ಬಿಟ್ಟಿದ್ದಾಳೆ ಎಂದು ಇವನಿಗೆ ತಿಳಿಯಲು ನಾಲ್ಕು ದಿನ ಹಿಡಿಯಿತಂತೆ. ಇವನ ಒಂದನೆಯ ಇಯತ್ತೆಯ ಪುಸ್ತಕವನ್ನು ಬೀಸುವ ಕಲ್ಲಿನ ಪಕ್ಕದಲ್ಲಿಟ್ಟುಕೊಂಡು ಆಕೆ ಅಕ್ಷರ ಕಲಿತದ್ದು, ದಿನಾಲೂ ಕೊನೆಯ ಹಿಟ್ಟಿನಲ್ಲಿ ಇವನ ಅಂಗೈಯಷ್ಟೇ ಅಗಲದ ಒಂದು ಪುಟ್ಟ ರೊಟ್ಟಿ ಮಾಡಿಕೊಡುತ್ತಿದ್ದದ್ದು, ಇವನು ಹೈಸ್ಕೂಲಿಗೆ ಹೊರಟಾಗಲೂ ಬುತ್ತಿಯ ಮೇಲೆ ಅಂಥದೊಂದು ಇಟ್ಟಿದ್ದದ್ದು. ಹೇಳಿ ಹೇಳಿ ನಗುತ್ತಿದ್ದ. ನಾನೂ ನಗುತ್ತಿದ್ದೆ. ನಗದಿದ್ದರೆ ಯಾಕೆ ಎಂದು ಕೇಳಿಯಾನು ಎಂಬ ಹೆದರಿಕೆ.

ಮುರಗೋಡ ದಾಟಿ ಒಂದು ಹುಣಸೆ ಗಿಡದ ಕೆಳಗೆ ಮೊದಲ ಬೀಡು. ಎರಡು ಸೈಕಲ್ಲು ನಿಲ್ಲಿಸಿ ಮೇಲೆ ತಾಡಪತ್ರಿ ಎಳೆದರೆ ಡೇರೆ. ಇನ್ನೂ ಬೆಳಕಿತ್ತು. ಈಗ ಹೇಳುತ್ತೇನೆ ಎಂದುಕೊಂಡೆ. ಬರಿಗೈಯಲ್ಲಿ ಹೇಳುವುದು ಹೇಗೆಂದು ರೊಟ್ಟಿ ಬಡಿಯಲು ಕೂತೆ. ಜನ್ಮದಲ್ಲಿ ರೊಟ್ಟಿ ಬಡಿದವನಲ್ಲ. ಮೊದಲನೆಯದು ಬೆಳಗಾವಿ ಜಿಲ್ಲೆಯ ನಕಾಶೆಯಂತೆ ಆಯಿತು, ಎರಡನೆಯದು ತುಂಡಾಗಿ ಒಲೆಗೆ ಬಿತ್ತು. ಕೆಂಡ ಸಿಡಿದು ತಾಡಪತ್ರಿಗೆ ಹತ್ತಿತು. ಇಬ್ಬರೂ ಎದ್ದು ಮಣ್ಣು ಹಾಕಿ ಬಡಿದೆವು. ಶಿವಲಿಂಗ ನಕ್ಕು ನಕ್ಕು ನೆಲದ ಮೇಲೆ ಹೊರಳಾಡಿದ. ರಾಮದುರ್ಗದಲ್ಲಿ ಅಕ್ಕನ ಕೈಯಲ್ಲಿ ರೊಟ್ಟಿ ತಿಂದರೆ ಇದನ್ನು ಮರೆಯಬಹುದು ಎಂದ. ಅವತ್ತು ಹೇಳಲಾಗಲಿಲ್ಲ.

ಮರುದಿನ ಮುನವಳ್ಳಿಯ ಹತ್ತಿರ ಮಲಪ್ರಭೆಯಲ್ಲಿ ಈಜಿದೆವು. ನೀರಿನಿಂದ ಎದ್ದು ಬಂದು ದಂಡೆಯ ಕಲ್ಲಿನ ಮೇಲೆ ಒಣಗುತ್ತ ಕೂತಾಗ, "ಶಿವಲಿಂಗ, ಒಂದು ಮಾತು ಹೇಳೋದದ," ಅಂದೇಬಿಟ್ಟೆ. ಅವನು ತಲೆ ಒರೆಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಹಸಿ ಕೂದಲು ಹಣೆಗೆ ಅಂಟಿಕೊಂಡು ಸಣ್ಣ ಹುಡುಗನ ಹಾಗೆ ಕಾಣುತ್ತಿದ್ದ. ನಾನು ಹೇಳಿದೆ, ಗಣಿತದ ಪೇಪರಿನಲ್ಲಿ ಎರಡು ಲೆಕ್ಕ ನಿನ್ನದನ್ನು ನೋಡಿ ಬರೆದೆ ಎಂದು. ಅದು ಸುಳ್ಳು. ನಾನು ಗಣಿತದಲ್ಲಿ ಅವನಿಗಿಂತ ಜಾಣನಿದ್ದೆ. ಇಷ್ಟಕ್ಕೇ ಮುಖ ಇಷ್ಟು ಸಣ್ಣದು ಮಾಡಿಕೊಂಡಿದ್ದೀಯಾ ಎಂದು ಅವನು ನನ್ನ ಬೆನ್ನು ತಟ್ಟಿದ. ಎರಡು ದಿನದಿಂದ ನಾನು ಸರಿಯಾಗಿ ಉಣ್ಣದಿರುವುದನ್ನು ಅವನು ಗಮನಿಸಿದ್ದ. ಅದಕ್ಕೆ ಕಾರಣ ಸಿಕ್ಕಿತೆಂದು ಅವನಿಗೆ ಸಮಾಧಾನ.

ಆಮೇಲೆ ನಾನು ಮಾಡಿದ್ದೆಲ್ಲ ತಡಮಾಡುವ ಕೆಲಸ. ಸವದತ್ತಿಯ ಕೋಟೆ ಹತ್ತಿ ನೋಡೋಣ ಎಂದೆ, ಗುಡ್ಡಕ್ಕೆ ಹೋಗದೆ ಹೇಗೆ ಎಂದೆ. ಗುಡ್ಡದಲ್ಲಿ ಅವನು ಅಕ್ಕನ ಹೆಸರಿನಲ್ಲಿ ಕಾಯಿ ಒಡೆಸಿದ. ಪೂಜಾರಿ ಹೆಸರು ಕೇಳಿ ಆಯುಷ್ಯ ಹೆಚ್ಚಲಿ ಎಂದು ಭಂಡಾರ ಕೊಟ್ಟ. ನಾನು ಕಂಬದ ಹಿಂದೆ ನಿಂತಿದ್ದೆ. ಹೂಲಿಯಲ್ಲಿ ಪಾಳುಬಿದ್ದ ಗುಡಿಗಳನ್ನು ಒಂದೊಂದಾಗಿ ನೋಡಿಸಿದೆ. ನನಗೆ ಶಿಲ್ಪದಲ್ಲಿ ಇಷ್ಟು ಆಸಕ್ತಿ ಯಾವಾಗಿನಿಂದ ಎಂದು ಅವನೇ ಬೆರಗಾದ. ಹೂಲಿ ದಾಟಿದ ಮೇಲೆ ಅವನ ಗಾಲಿಗೆ ಜಾಲಿ ಮುಳ್ಳು ನೆಟ್ಟು ಗಾಳಿ ಹೋಯಿತು. ಪಂಕ್ಚರ್ ತೆಗೆಯುತ್ತ ಹೊತ್ತು ಮುಳುಗಿತು, ಅಲ್ಲೇ ಮೂರನೆಯ ಬೀಡು. ಆ ಮುಳ್ಳಿಗೆ ನಾನು ಮನಸ್ಸಿನಲ್ಲಿ ಕೈ ಮುಗಿದೆ. ಹೀಗೆ ಒಂದೂವರೆ ದಿನದ ದಾರಿ ನಾಲ್ಕನೆಯ ದಿನದವರೆಗೆ ಎಳೆಯಿತು. ದಾರಿಯನ್ನು ಎಷ್ಟು ಎಳೆದರೂ ಊರು ಇದ್ದಲ್ಲೇ ಇರುತ್ತದೆ.

ಕೊನೆಯ ದಿನ ಬೆಳಿಗ್ಗೆ ಶಿವಲಿಂಗ ತೊಳೆದಿಟ್ಟ ಅಂಗಿ ಹಾಕಿಕೊಂಡ. ಸೈಕಲ್ ಒರೆಸಿದ. ಅಕ್ಕನಿಗೆ ತಂದಿದ್ದ ಕುಪ್ಪಸದ ಖಣ, ಕೂಸಿನ ಅಂಗಿ ಎರಡನ್ನೂ ಚೀಲದಿಂದ ತೆಗೆದು ಅಂಗಿಯೊಳಗೆ ಎದೆಗೆ ಇಟ್ಟುಕೊಂಡ. ಈಗಲಾದರೂ ಹೇಳು ಎಂದು ನನ್ನ ಒಳಗಿನಿಂದ ಯಾರೋ ಗುದ್ದುತ್ತಿದ್ದರು. ರಾಮದುರ್ಗ ಕಾಣಿಸಿತು. ಊರೊಳಗೆ ಬಂದೆವು. ದಾರಿ ಕೇಳಿದೆವು. ನಾನು ಹಿಂದೆ ಉಳಿದೆ.

ಬಾಗಿಲಲ್ಲಿ ಅಕ್ಕನ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ಮುದುಕಿ ತಲೆ ಎತ್ತಿ ನೋಡಿದರು. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಮೊರದಲ್ಲಿದ್ದ ಕಾಳು ಅವರ ಕೈಯಿಂದ ಜಾರಿ ಕಟ್ಟೆಯ ಮೇಲೆಲ್ಲ ಚೆಲ್ಲಿತು.

"ಈಗ ಬಂದ್ಯಾ ಯಪ್ಪಾ," ಅಂದರು. "ನಮ್ಮ ಗಂಗವ್ವ ಎಂಟು ದಿನ ಬಾಗಿಲ ನೋಡಿದಳು. ಕಾಗದ ಹಾಕಿದ್ವಿ, ಮಣ್ಣಿಗೂ ಬರಲಿಲ್ಲಲ್ಲೋ ನೀವು."

ಶಿವಲಿಂಗ ಅಲ್ಲೇ ನಿಂತ. ಎದೆಯ ಮೇಲೆ ಅಂಗಿಯೊಳಗಿನ ಗಂಟಿಗೆ ಕೈ ಹಚ್ಚಿಕೊಂಡು ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ಸೈಕಲ್ಲಿನ ಹ್ಯಾಂಡಲ್ ನೋಡುತ್ತಿದ್ದೆ.

"ನಿನಗ ಗೊತ್ತಿತ್ತೇನು?"

"ಹೂಂ."

"ಯಾವಾಗಿಂದ?"

"ಬೈಲಹೊಂಗಲದಿಂದ."

ಒಳಗಿನಿಂದ ಎರಡೂವರೆ ವರ್ಷದ ಕೂಸು ಚೆಲ್ಲಿದ ಕಾಳು ಆರಿಸಲು ಬಂತು. ಬಂದವರು ಯಾರೆಂದು ಅದಕ್ಕೆ ಬೇಕಾಗಿರಲಿಲ್ಲ. ಒಂದೊಂದೇ ಕಾಳು ಎತ್ತಿ ಅಜ್ಜಿಯ ಮೊರಕ್ಕೆ ಹಾಕುತ್ತಿತ್ತು. ಶಿವಲಿಂಗ ಅದರ ಪಕ್ಕದಲ್ಲಿ ಕೂತು ತಾನೂ ಕಾಳು ಆರಿಸಿದ. ಎಲ್ಲ ಮುಗಿದ ಮೇಲೆ ಅಂಗಿ ತೊಡಿಸಿ ನೋಡಿದ. ಬಹಳ ದೊಡ್ಡದಾಗಿತ್ತು, ಕೈ ಕಾಲು ಕಾಣುತ್ತಿರಲಿಲ್ಲ. ಕೂಸು ಅದನ್ನು ತೆಗೆಯಲು ಕೊಡಲಿಲ್ಲ. ಕೈ ಹಾಕಿದವರನ್ನೆಲ್ಲ ಕಚ್ಚಲು ಬಂತು.

ಅಕ್ಕನ ಗಂಡ ಹೊಲದಿಂದ ಬಂದು ನಮ್ಮನ್ನು ಮತ್ತೆ ಹೊಲಕ್ಕೇ ಕರೆದುಕೊಂಡು ಹೋದ. ಮೆತ್ತಗಿನ ಮನುಷ್ಯ. ಬದುವಿನ ಹತ್ತಿರ ಮಣ್ಣಿನ ದಿಬ್ಬ ಇನ್ನೂ ತಗ್ಗಿರಲಿಲ್ಲ. ಶಿವಲಿಂಗ ಖಣ ಬಿಚ್ಚಿ ಮೇಲೆ ಹಾಸಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಮಣ್ಣಿನ ಹೆಂಟೆ ಇಟ್ಟ.

ಸಂಜೆಗೆ ಹೊಳೆಗೆ ಹೋದೆವು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡುವುದು ನಮ್ಮ ಮನೆತನದ ಪದ್ಧತಿ. ನಾಲ್ಕು ದಿನದಿಂದ ಆ ಸುದ್ದಿ ಹೊತ್ತುಕೊಂಡು ತಿರುಗಿದ ನಾನು ದಂಡೆಯಲ್ಲಿ ನಿಂತಿದ್ದೆ. ಅಂಥ ಪದ್ಧತಿ ಇಲ್ಲದ ಮನೆಯ ಶಿವಲಿಂಗ ಬಟ್ಟೆಯ ಸಮೇತ ನೀರಿಗೆ ಇಳಿದ. ಚೈತ್ರದ ಹೊಳೆ, ಮೊಣಕಾಲಿನಷ್ಟೇ ನೀರು. ಅದರಲ್ಲೇ ಕೂತ. ಅಲ್ಲಿಂದಲೇ, ಅವನಾಗಿಯೇ ಮಾತಾಡಿದ.

"ನೀ ಮುನವಳ್ಳ್ಯಾಗ ಹೇಳಿದ್ದಿ ಅಂದ್ರ ನಾ ಅಲ್ಲಿಂದ ಹಿಂದ ತಿರುಗತಿದ್ದೆ. ಈ ಕೂಸಿನ ನೋಡತಿದ್ದಿಲ್ಲ. ಅದಕ್ಕ ನಿನ್ನ ಬೈಯಾಕ ಬರವಲ್ದು." ಬೊಗಸೆ ನೀರು ಮುಖಕ್ಕೆ ಹಾಕಿಕೊಂಡು, "ಆದ್ರ ಮೂರು ದಿನ ನಾ ಆಕಿ ಮಾತ ಹೇಳಿಕೋತ ಬಂದೆ. ನೀ ನನ್ನ ಕೂಡ ನಕ್ಕಿ. ಅದನ್ನ ಹೆಂಗ ಮರೀಲಿ ಹೇಳು," ಅಂದ.



ವಾಪಸು ಬರುವಾಗ ಎಲ್ಲಿಯೂ ಬೀಡು ಬಿಡಲಿಲ್ಲ. ಸವದತ್ತಿಯಲ್ಲಿ ಯಾರದೋ ಪಡಸಾಲೆಯಲ್ಲಿ ಮಲಗಿ, ಬೈಲಹೊಂಗಲಕ್ಕೆ ಹೋಗದೆ ನೇರ ದೊಡವಾಡದ ದಾರಿ ಹಿಡಿದೆವು. ಅವನು ಮುಂದೆ, ನಾನು ಹಿಂದೆ. ಊರ ಹೊರಗಿನ ಕಟ್ಟೆಯ ಮೇಲೆ ಗೌಡರು ಒಬ್ಬರೇ ಕೂತಿದ್ದರು. ಎರಡು ದಿನದಿಂದ ಅಲ್ಲೇ ಬಂದು ಕೂಡುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ನಮ್ಮನ್ನು ನೋಡಿ ಎದ್ದರು. ಶಿವಲಿಂಗ ಸೈಕಲ್ ಇಳಿದು ತಂದೆಯ ಎದುರಿಗೆ ನಿಂತ. ಇನ್ನು ಏನಾಗುತ್ತದೆಯೋ ಎಂದು ನಾನು ಓಡಿಹೋಗಿ ಬೀಳಲಿದ್ದ ಅವನ ಸೈಕಲ್ ಹಿಡಿದುಕೊಂಡೆ. ಮೊದಲು ಮಾತಾಡಿದವರು ಗೌಡರೇ.

"ಕೂಸು ಹೆಂಗೈತಿ?"

ಶಿವಲಿಂಗ ತಂದೆಯ ಮುಖ ನೋಡಿದ.

"ನಿನ್ನಂಗ ಐತಿ," ಅಂದ. "ಹಟ ಹಿಡೀತಂದ್ರ ಬಿಡೂದಿಲ್ಲ."

ಆರಡಿಯ ಆಳು ದಾರಿಯ ಧೂಳಿನಲ್ಲೇ ಕೂತುಬಿಟ್ಟರು. ರುಮಾಲು ಬಿಚ್ಚಿ ಮುಖಕ್ಕೆ ಹಿಡಿದುಕೊಂಡರು. ಹೊಲದಿಂದ ಮನೆಗೆ ಬರುವ ದನಗಳು ಅವರನ್ನು ಸುತ್ತುಬಳಸಿ ಹೋದವು. ಶಿವಲಿಂಗ ತಂದೆಯ ತೋಳಿಗೆ ಕೈ ಹಾಕಿ ಎಬ್ಬಿಸಿದ.

ಮಾರನೆಯ ದಿನವೇ ಗೌಡರು ಚಕ್ಕಡಿ ಹೂಡಿ ರಾಮದುರ್ಗಕ್ಕೆ ಹೋದರು, ಹೊಸ್ತಿಲು ತುಳಿದರು. ಕೂಸು ಮುಂದೆ ಅಲ್ಲಿ ಆರು ತಿಂಗಳು, ಇಲ್ಲಿ ಆರು ತಿಂಗಳು ಎಂದು ಬೆಳೆಯಿತು. ನಾನು ಮತ್ತು ಶಿವಲಿಂಗ ಜಗಳಾಡಲಿಲ್ಲ. ಅವನು ಹೊಲಮನೆ ನೋಡಿಕೊಂಡ, ನಾನು ಸಾಲಿ ಮಾಸ್ತರನಾದೆ. ಹಬ್ಬಕ್ಕೆ ಹುಣ್ಣಿಮೆಗೆ ಅವನ ಮನೆಯಲ್ಲಿ ಉಂಡಿದ್ದೇನೆ. ಮಳೆ, ಬೆಳೆ, ಮಕ್ಕಳು ಎಲ್ಲ ಮಾತಾಡಿದ್ದೇವೆ. ಅಕ್ಕನ ಮಾತು ಮಾತ್ರ ಅವನು ನನ್ನ ಮುಂದೆ ಮತ್ತೆ ಎತ್ತಲಿಲ್ಲ. ಬೇರೆಯವರ ಮುಂದೆ ಹೇಳುತ್ತಿದ್ದನಂತೆ. ನಾನು ಒಳಗೆ ಬಂದರೆ ನಿಲ್ಲಿಸುತ್ತಿದ್ದ.

ದಾರಿಯಿಂದ ಮರಳಿದ ಆ ರಾತ್ರಿ ದೊಡವಾಡದಲ್ಲೇ ಉಳಿದು ನಾನು ಕಿತ್ತೂರಿಗೆ ಬಂದದ್ದು ಮರುದಿನ ಮಧ್ಯಾಹ್ನ. ಗೌಡರ ತಾಡಪತ್ರಿ ನನ್ನ ಸೈಕಲ್ಲಿನ ಹಿಂದೆಯೇ ಉಳಿದಿತ್ತು, ಅದನ್ನು ಮುಂದೆ ಯಾರೂ ಕೇಳಲಿಲ್ಲ. ಅವ್ವ ತಾಟು ಹಾಕಿ, ದಾರ್ಯಾಗ ಏನೇನು ನೋಡಿದಿ ಎಂದು ಕೇಳಿದಳು. ಮೊದಲ ತುತ್ತು ಕೈಯಲ್ಲೇ ಇತ್ತು. ಮುರಗೋಡ, ಸವದತ್ತಿ ಎಂದು ಶುರುಮಾಡಿದವನು, ಶಿವಲಿಂಗನ ಅಕ್ಕ ತೀರಿಕೊಂಡಿದ್ದಾಳೆ, ವಿಷಮಜ್ವರ ಬಂದಿತ್ತು, ಎರಡು ತಿಂಗಳಾಯಿತು ಎಂದು ಹೇಳಿಬಿಟ್ಟೆ. ಒಂದು ಕಡೆಯೂ ತಡವರಿಸಲಿಲ್ಲ. ಆ ಹೆಣ್ಣುಮಗಳನ್ನು ಎಂದೂ ಕಂಡಿರದ ಅವ್ವ ಸೌಟು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಆಕೀ ಹೆಸರೇನು?" ಎಂದು ಕೇಳಿದಳು.

"ಗಂಗವ್ವ," ಅಂದೆ. ಆ ಹೆಸರು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಇಷ್ಟು ಸಲೀಸಾದ ಮಾತು ಅದು.